ಅಪ್‌ಡೇಟ್ ಮಾಡಿ ಸ್ಲೀಪ್ ಕಿತ್ತುಕೊಂಡಿರಿ, ಈಗ ದೂರನ್ನೂ ಮುಚ್ಚಿದಿರಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನನ್ನ ಲ್ಯಾಪ್‌ಟಾಪ್ ತೊಂದರೆಯ ಬಗ್ಗೆ ನಿಮ್ಮ ಸಹಾಯವಾಣಿಗೆ ಮರ್ಯಾದೆಯಿಂದ ಫೋನ್ ಮಾಡಿ ಸಾಕಾಗಿದೆ. ನಿನ್ನೆ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬಂತು. ಯಾವ ಪರಿಹಾರವೂ ಆಗಿಲ್ಲ. ಅದಕ್ಕೇ ಈ ಪತ್ರ.

ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಬೇಕು. ಸೆಟ್ಟಿಂಗ್ಸ್‌ನಲ್ಲೂ ಹಾಗೇ ಇಟ್ಟಿದ್ದೇನೆ. ಸ್ಕ್ರೀನ್ ಆಫ್ ಆಗುತ್ತದೆ, ಆದರೆ ಒಳಗೆ ಎಲ್ಲಾ ನಡೆಯುತ್ತಲೇ ಇರುತ್ತದೆ. ಬ್ಯಾಗಿನಿಂದ ತೆಗೆದರೆ ಕೈ ಸುಡುವಷ್ಟು ಬಿಸಿ, ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ಒಂದು ರಾತ್ರಿ ಮುಚ್ಚಿಟ್ಟಿದ್ದಕ್ಕೆ ಚಾರ್ಜ್ ಶೇ. 91ರಿಂದ 38ಕ್ಕೆ ಇಳಿದಿತ್ತು.

ನಿಮ್ಮ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬರುವ ಮುಂಚೆ ಹೀಗಿರಲಿಲ್ಲ. ಆಗ ಬಯೋಸ್‌ನಲ್ಲಿ, ಅಂದರೆ ಆ ಫರ್ಮ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ, ಹಳೇ ರೀತಿಯ ಸ್ಲೀಪ್, ಅಂದರೆ ಎಸ್3, ಆರಿಸಿಕೊಳ್ಳಬಹುದಿತ್ತು. ಅದರಲ್ಲಿ ರ‍್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಹೋಗುತ್ತದೆ, ಪ್ರೊಸೆಸರ್ ಆಫ್ ಆಗಿರುತ್ತದೆ. ಈಗ ಆ ಆಯ್ಕೆಯೇ ಇಲ್ಲ. ಯಾವ ಸ್ಲೀಪ್‌ಗಳಿವೆ ಅಂತ ನೋಡಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ' ಕೊಟ್ಟರೆ, ಎಸ್3ಗೆ ಸಿಸ್ಟಮ್ ಫರ್ಮ್‌ವೇರ್ ಬೆಂಬಲವಿಲ್ಲ ಎಂದು ತೋರಿಸುತ್ತದೆ. ಉಳಿದಿರುವುದು ಎಸ್0, ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಅದರಲ್ಲಿ ಯಂತ್ರ ಫೋನಿನ ಹಾಗೆ ಆಗಾಗ ಎದ್ದು ಮೇಲ್, ಅಪ್‌ಡೇಟ್ ನೋಡಿಕೊಂಡು ಮತ್ತೆ ಮಲಗಬೇಕು. ಯಾವುದೋ ಒಂದು ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಬಿಡದೆ ಕೆಲಸ ಮಾಡುತ್ತಿದ್ದರೆ ಮಲಗುವುದೇ ಇಲ್ಲ. ಸ್ಲೀಪ್ ಹೊತ್ತಿನಲ್ಲಿ ಯಾವುದು ಎಚ್ಚರವಿತ್ತು ಅಂತ ವಿಂಡೋಸ್ ತೋರಿಸುವ ಸ್ಲೀಪ್ ಸ್ಟಡಿ ರಿಪೋರ್ಟ್‌ನಲ್ಲಿ ರಾತ್ರಿಯಿಡೀ ಎಚ್ಚರವಿದ್ದದ್ದು ವೈಫೈ ಅಡಾಪ್ಟರ್ ಎಂದು ಸ್ಪಷ್ಟವಾಗಿದೆ. ಯಂತ್ರವನ್ನು ತಾನಾಗಿ ಎಬ್ಬಿಸುವ ವೇಕ್ ಟೈಮರ್ ಆಫ್ ಮಾಡಿದೆ, ಸ್ಟ್ಯಾಂಡ್‌ಬೈನಲ್ಲಿ ನೆಟ್‌ವರ್ಕ್ ಬೇಡ ಅಂತ ಸೆಟ್ ಮಾಡಿದೆ, ನಿಮ್ಮ ಸೈಟಿನಲ್ಲಿರುವ ಡ್ರೈವರನ್ನೇ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಹಳೇ ಫರ್ಮ್‌ವೇರ್‌ಗೆ ವಾಪಸ್ ಹೋಗೋಣ ಅಂದರೆ ಅದಕ್ಕೂ ನೀವು ಬಿಡುತ್ತಿಲ್ಲ.

ಇಷ್ಟನ್ನೂ ನಿಮ್ಮ ಸಿಬ್ಬಂದಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಮುಚ್ಚಳ ಪೂರ್ತಿ ಮುಚ್ತೀರಾ?" ಮುಚ್ಚುತ್ತೇನೆ ಅಂದೆ. "ಸ್ಕ್ರೀನ್ ಆಫ್ ಆಗೋದೇ ಬೇರೆ, ಸ್ಲೀಪೇ ಬೇರೆ, ತುಂಬಾ ಜನಕ್ಕೆ ಅದು ಗೊತ್ತಿರಲ್ಲ" ಅಂದರು. ಅದೇ ವ್ಯತ್ಯಾಸವನ್ನು ನಾನು ಆಗಷ್ಟೇ ಅವರಿಗೆ ವಿವರಿಸಿದ್ದೆ! ರಿಪೋರ್ಟ್ ಓದಿ ಹೇಳಲು ಶುರು ಮಾಡಿದೆ. ಎರಡನೇ ಸಾಲಿಗೇ ತಡೆದು, "ಅದೆಲ್ಲ ಬೇಡ, ಮನೇಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡ್ತೀರಾ?" ಅಂದರು. ನನಗೇ ಗೊತ್ತು, ನನ್ನ ಹತ್ತಿರವೇ ಮಾತಾಡಿ ಅಂದೆ. ಪಕ್ಕದಲ್ಲಿದ್ದವರಿಗೆ ಏನೋ ಹೇಳಿ ನಕ್ಕಿದ್ದು ನನಗೆ ಕೇಳಿಸಿತು. ಆಮೇಲೆ ಹೋಲ್ಡ್‌ನಲ್ಲಿಟ್ಟರು. ವಾಪಸ್ ಬಂದವರು, "ನಿಮ್ಮ ಬ್ಯಾಟರಿ ವೀಕ್ ಆಗಿದೆ, ಬ್ಯಾಟರಿಗೆ ವಾರಂಟಿ ಬರಲ್ಲ, ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಿ" ಅಂದರು. ಬ್ಯಾಟರಿ ರಿಪೋರ್ಟ್ ನೋಡದೆ ವೀಕ್ ಅಂತ ಹೇಗೆ ಹೇಳಿದಿರಿ ಎಂದು ಕೇಳಿದ್ದಕ್ಕೆ ಕಾಲ್ ಕಟ್ ಆಯಿತು. ಪರಿಹಾರದ ಮೆಸೇಜ್ ಬಂದದ್ದು ಆಮೇಲೆ.

ಶಟ್‌ಡೌನ್ ಮಾಡುವುದು ನನಗೂ ಗೊತ್ತು. ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಯಂತ್ರವನ್ನು ಆಫ್ ಮಾಡುವ ಹೈಬರ್ನೇಟ್ ಇಟ್ಟುಕೊಂಡೇ ಸದ್ಯ ದಿನ ದೂಡುತ್ತಿದ್ದೇನೆ. ಆದರೆ ಮುಚ್ಚಿದರೆ ಮಲಗುವ, ತೆರೆದರೆ ತಕ್ಷಣ ಏಳುವ ಯಂತ್ರ ಅಂತ ಹೇಳಿ ಮಾರಿದ್ದು ನೀವೇ ಅಲ್ವಾ? ಕೊಂಡಾಗ ಇದ್ದ ಸೌಲಭ್ಯವನ್ನು ಒಂದು ಮಾತೂ ಕೇಳದೆ ತೆಗೆದು, ಅದರಿಂದ ಸವೆಯುವ ಬ್ಯಾಟರಿಯ ಖರ್ಚು ಮಾತ್ರ ನನ್ನ ಮೇಲೆ ಹಾಕುವುದು ಅನ್ಯಾಯ. ನಿಮ್ಮ ವಾರಂಟಿ ನಿಯಮ ನಿಮಗೆ ಗೊತ್ತೇ ಇದೆ, ನಾನು ಓದಿ ಹೇಳಬೇಕಾಗಿಲ್ಲ.

ದೂರನ್ನು ಮತ್ತೆ ತೆರೆಯಿರಿ. ಎಸ್3 ಆಯ್ಕೆ ವಾಪಸ್ ಕೊಡಿ, ಇಲ್ಲವೇ ಹಳೇ ಫರ್ಮ್‌ವೇರ್ ಹಾಕಲು ಬಿಡಿ. ಆ ಕರೆಯ ರೆಕಾರ್ಡಿಂಗ್ ನಿಮ್ಮ ಹತ್ತಿರ ಇರಬೇಕು, ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡುತ್ತೇವೆ ಅಂತ ಪ್ರತಿ ಸಲವೂ ಹೇಳುತ್ತೀರಿ. ಅದನ್ನು ಅಳಿಸಬೇಡಿ. ಏಳು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ನ್ಯಾಯಾಲಯದಲ್ಲಿ ನಾನು ಮೊದಲು ಕೇಳುವುದು ಅದನ್ನೇ. ಎಲ್ಲಾ ರಿಪೋರ್ಟ್‌ಗಳನ್ನೂ ನಿಮ್ಮ ಕಂಪನಿಯ ಹೆಸರು, ಮಾಡೆಲ್ ಸಮೇತ ಎಲ್ಲರೂ ನೋಡುವ ಕಡೆ ಹಾಕುತ್ತೇನೆ. ಇದೇ ಮಾಡೆಲ್ ಕೊಳ್ಳಬೇಕೆಂದಿರುವವರು ಓದಿ ತೀರ್ಮಾನ ಮಾಡಲಿ.

ಇತಿ,
ನೀವು ದೂರು ಮುಚ್ಚಿದ ಗ್ರಾಹಕಿ