ಇನ್ಮ್ಯಾಲೆ ಮೊದಲ ಕಾರ್ಬೋರೇಟರ್ ಬಿಚ್ಚಂಗಿಲ್ರಿ

ನಮಸ್ಕಾರ್ರಿ,

ಹಳೇ ಪೆಟ್ರೋಲ್ ಟ್ರಕ್, ವಿಲ್ಲೀಸ್ ಜೀಪು, ಡೆಲ್ಕೋ (ಪ್ಲಗ್ಗಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್) ಇರೋ ಓಮ್ನಿ ಇಟ್ಕೊಂಡಿರೋ ನಮ್ಮ ಗಿರಾಕಿಗಳಿಗೆ ಅಷ್ಟ ಈ ಪತ್ರ. ಡೀಸೆಲ್ ಗಾಡಿಯವ್ರು ಓದದಿದ್ರೂ ನಡೀತೈತಿ.

ಬರೋ 1ನೇ ತಾರೀಖಿನಿಂದ "ಮಿಸ್ಸಿಂಗ್ ಹೊಡೀತೈತಿ, ಪಿಕಪ್ ಇಲ್ಲ, ನಡಬರಕ ಬಂದ್ ಆಗ್ತೈತಿ" ಅಂತ ಗಾಡಿ ತರೋರು ಹಿಂದಿನ ದಿನ ಸಂಜಿಗೇ ಬಿಟ್ಟು ಹೋಗಬೇಕ್ರಿ. ರಾತ್ರಿ ತಣ್ಣಗಾದ ಇಂಜಿನ್ ಮುಂಜಾನೆ ನಾವ ಚಾಲೂ ಮಾಡಿ ನೋಡ್ತೀವಿ, ಆಮ್ಯಾಲೆ ಗಬ್ಬೂರ ಬೈಪಾಸ್ ತನಕ ಓಡಿಸಿ ಕಾದ ಮ್ಯಾಲೆ ಇನ್ನೊಮ್ಮೆ ನೋಡ್ತೀವಿ. ಮೊದಲನೇ ದಿನ ಕರೆಂಟಿನ ಕಡೆ (ಕಿಡಿ ಹುಟ್ಟಿಸೋ ಕಾಯಿಲ್, ಪಾಯಿಂಟ್, ಪ್ಲಗ್) ಅಷ್ಟ ಚೆಕ್, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೋರೇಟರಿಗೆ ಪಾನಾ ಹಚ್ಚಂಗಿಲ್ಲ. ಚೆಕಿಂಗ್‌ಗೆ 300 ರೂಪಾಯಿ, ಕೆಲಸ ನಮ್ಮಲ್ಲೇ ಮಾಡಿಸಿದ್ರ ಬಿಲ್ಲಿನಾಗ ಕಳೀತೀವಿ.

ಯಾಕಪ್ಪಾ ಇದು ಹೊಸಾದು ಅಂದ್ರ, ತಪ್ಪು ನಮ್ದ ಐತಿ. ಹೋದ ಬ್ಯಾಸಗಿಗೆ ನವಲಗುಂದ ಕಡೆಯಿಂದ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ತರೋ ಒಂದು ಹಳೇ ಗಾಡಿ ಬಂದಿತ್ತು, ಇಪ್ಪತ್ತು ನಿಮಿಷ ಛಲೋ ಓಡೂದು, ಆಮ್ಯಾಲೆ ಕೆಮ್ಮಿ ಕೆಮ್ಮಿ ನಿಂದ್ರೂದು, ಒಂದು ಚಹಾ ಕುಡಿಯೂದ್ರಾಗ ಮತ್ತ ಚಾಲೂ ಆಗೂದು. ಮಾಲಕರು ಕಾರ್ಬೋರೇಟರ್ ಅಂದ್ರು, ನಾವೂ ಹೂಂ ಅಂದ್ವಿ. ಮೂರು ಸಲ ಬಿಚ್ಚಿ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಊದಿದ್ವಿ, ಕಿಟ್ ಹಾಕಿದ್ವಿ, ಫ್ಲೋಟ್ ಸೆಟ್ ಮಾಡಿದ್ವಿ. ಕಡೀಕ ಒಂದು ಮಧ್ಯಾಹ್ನ ಅದು ನಮ್ಮ ಗ್ಯಾರೇಜಿನ ಬಾಗಲದಾಗ ನಿಂತಿತು, ನಮ್ಮ ಹುಡುಗ ಕಾಯಿಲಿನ ವಾಯರ್ ಕಿತ್ತು ಬ್ಲಾಕಿನ ಹತ್ರ ಹಿಡಿದ್ರ ಮುಂಜಾನೆ ಚಟ್ ಚಟ್ ಅಂತ ನೀಲಿ ಬರ್ತಿದ್ದ ಕಿಡಿ ಈಗ ಹಳದಿ, ದಾರದಂಗ. ಕಾಯಿಲ್ ಮ್ಯಾಲೆ ಕೈ ಇಡಾಕ ಆಗವಲ್ದು. ಕಾದಾಗ ಒಳಗಿನ ಸುತ್ತು ಕೈ ಕೊಡ್ತಿತ್ತು, ತಣ್ಣಗಾದ್ರ ಸರಿ ಆಗ್ತಿತ್ತು, ಅಷ್ಟ. ಕಾಯಿಲ್ ಬದಲು ಮಾಡಿದ್ವಿ, ಮುಗೀತು. ಮೂರೂ ಸಲದ ಮಜೂರಿ ವಾಪಸ್ ಕೊಟ್ಟೀವಿ.

ಪಾಯಿಂಟಿಂದೂ (ಡೆಲ್ಕೋದಾಗ ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸೋ ಸ್ವಿಚ್ಚು) ಇದ ಕಥಿ. ವಿಲ್ಲೀಸಿಗೆ ಗ್ಯಾಪ್ 0.020 ಇಂಚು, ಅಂದ್ರ ಅರ್ಧ ಮಿಲಿಮೀಟರ್. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಬಿಟ್ಟು ಲಗ್ನಪತ್ರಿಕೆ ಹರಿದು ಗ್ಯಾಪ್ ಇಡೋರನ್ನ ನೋಡೀವಿ! ಪಾಯಿಂಟಿನ ಹಿಮ್ಮಡಿ (ತಿರುಗೋ ಕ್ಯಾಮಿಗೆ ಉಜ್ಜೋ ತುದಿ) ಸವೆದಂಗ ಗ್ಯಾಪ್ ಸಣ್ಣದಾಗ್ತೈತಿ, ಟೈಮಿಂಗ್ ಹಿಂದ ಬೀಳ್ತೈತಿ (ಕಿಡಿ ತಡಾ ಬರ್ತೈತಿ), ಇಂಜಿನ್ ಕಾಯ್ತೈತಿ, ಏರು ಹತ್ತಂಗಿಲ್ಲ, ನೋಡಿದೋರಿಗೆ ಪೆಟ್ರೋಲ್ ಕಮ್ಮಿ ಬರ್ತೈತಿ ಅನಿಸ್ತೈತಿ.

ಹಂಗಂತ ಕಾರ್ಬೋರೇಟರ್ ಕೆಡಂಗೇ ಇಲ್ಲ ಅಂತಲ್ಲ. ಈಗ ಬಂಕಿನಾಗ ಬರೋ ಪೆಟ್ರೋಲಿನಾಗ 20 ಪರ್ಸೆಂಟ್ ಎಥನಾಲ್ ಇರ್ತೈತಿ, ಹಳೇ ರಬ್ಬರ್ ಪೈಪು, ಡಯಾಫ್ರಾಮ್ ಅದಕ್ಕ ಮಾಡಿದ್ದಲ್ಲ, ಮೆತ್ತಗಾಗ್ತಾವು, ಟ್ಯಾಂಕಿಗೆ ಅಂಟಿದ್ದ ಜಿಡ್ಡು ಬಿಟ್ಕೊಂಡು ಜೆಟ್ಟಿಗೆ ಬಂದು ಕೂರ್ತೈತಿ. ತಿಂಗಳಾನುಗಟ್ಲೆ ನಿಲ್ಲಿಸಿದ ಗಾಡಿ ಆಗಿದ್ರ ನೀರೂ ತಳಕ್ಕ ಇಳೀತೈತಿ. ಅದಕ್ಕ ಎರಡನೇ ದಿನ ಪೈಪು, ಫಿಲ್ಟರ್, ಆಮ್ಯಾಲೆ ಕಾರ್ಬೋರೇಟರ್.

ಮನ್ಯಾಗ ನೀವೂ ಒಂದು ನೋಡಬೋದು. ಇಂಜಿನ್ ಬಂದ್ ಇರ್ಲಿ, ಏರ್ ಕ್ಲೀನರ್ ತಗದು ಕಾರ್ಬೋರೇಟರಿನ ಬಾಯಾಗ ಬಗ್ಗಿ ನೋಡ್ತಾ ಕೈಯಿಂದ ಎಕ್ಸಲೇಟರ್ ಎಳೀರಿ, ಸಣ್ಣ ಎಳಿಯಂಗ ಪೆಟ್ರೋಲ್ ಚಿಮ್ಮಬೇಕು. (ಬಾಯಾಗ ಬೀಡಿ ಬ್ಯಾಡ್ರಿ, ಹೇಳಬೇಕಾಗೇತಿ, ಹೇಳಾಕತ್ತೀನಿ.) ಚಿಮ್ಮಿದ್ರೂ ಚಾಲೂ ಆಗವಲ್ದು ಅಂದ್ರ ಮೊದಲ ಕರೆಂಟ್ ನೋಡ್ರಿ.

ತರೋಮುಂದ ಸ್ಕ್ರೂ ತಿರುವಿ ತರಬ್ಯಾಡ್ರಿ, ಪ್ಲಗ್ ಉಜ್ಜಿ ತೊಳದು ತರಬ್ಯಾಡ್ರಿ, ಕರ್ರಗ ಮಸಿ ಐತೋ ಬೆಳ್ಳಗ ಸುಟ್ಟೈತೋ ನೋಡಿದ್ರ ನಮ್ಮ ಅರ್ಧ ಕೆಲಸ ಅಲ್ಲೇ ಆಗ್ತೈತಿ.

ಸಂಜಿ 6ರೊಳಗ ಬಿಡ್ರಿ, ಟ್ಯಾಂಕಿನಾಗ ಒಂದು 3 ಲೀಟರ್ ಆದ್ರೂ ಇರ್ಲಿ. ಗಬ್ಬೂರಿನಿಂದ ದಬ್ಕೊಂಡು ಬಂದು ಬಂದು ನಮ್ಮ ಹುಡುಗ್ರಿಗೆ ಸಾಕಾಗೇತ್ರಿ.