ಫೋನ್ ಮಗನದು, ದುಡಿಮೆ ಅಮ್ಮನದು

ಮಾನ್ಯ ಸಂಪಾದಕರೇ,

ಬ್ಯಾಂಕ್ ಖಾತೆ ಇಲ್ಲದವರಿಗೂ ಇನ್ನು ಮೊಬೈಲ್‌ನಲ್ಲೇ ಸಾಲ, ಯಾರಿಗೆ ಕೊಡಬೇಕು ಅಂತ ಕೃತಕ ಬುದ್ಧಿಮತ್ತೆಯೇ ತೀರ್ಮಾನಿಸುತ್ತದೆ ಅಂತ ಎಲ್ಲ ಕಡೆ ಮಾತು. ಹೇಳುವವರು ಕೀನ್ಯಾ ಕಡೆ ಕೈ ತೋರಿಸುತ್ತಾರೆ. ಅಲ್ಲಿ 2007ರಲ್ಲಿ ಎಂ-ಪೆಸಾ ಅನ್ನುವ ಮೊಬೈಲ್ ಹಣದ ಸೇವೆ ಬಂತು, ಸಾದಾ ಫೋನ್‌ನಲ್ಲೇ ಜನ ದುಡ್ಡು ಕಳಿಸತೊಡಗಿದರು. 2012ರಲ್ಲಿ ಎಂ-ಶ್ವಾರಿ ಅನ್ನುವ ಉಳಿತಾಯ-ಸಾಲದ ಸೇವೆ ಬಂದ ಮೇಲೆ ಫೋನಿನ ಲೆಕ್ಕ ನೋಡಿಯೇ ಸಣ್ಣ ಸಾಲವೂ ಸಿಕ್ಕಿತು. ಒಳ್ಳೆಯದೇ. ಆದರೆ ನಮ್ಮ ಶಿಡ್ಲಘಟ್ಟದಲ್ಲಿ ಆ ಫೋನ್ ಯಾರದು ಅಂತ ಮೊದಲು ಕೇಳಬೇಕು.

ಇಲ್ಲಿ ರೇಷ್ಮೆ ನೂಲು ತೆಗೆಯುವ ಎಷ್ಟೋ ಹೆಂಗಸರಿಗೆ ಸ್ವಂತ ಫೋನೇ ಇಲ್ಲ. ಮನೆಗೊಂದು ಸ್ಮಾರ್ಟ್‌ಫೋನ್, ಅದು ಮಗನ ಕೈಯಲ್ಲಿ. 2014ರಲ್ಲಿ ಬಂದ ಜನಧನ್ ಖಾತೆ ಕೆಲವರಿಗೆ ಇದೆ, ಆದರೂ ಕೂಲಿ ಬೀಳುವುದು ಮಗನ ನಂಬರಿಗೆ, ದಿನಸಿ ಅಂಗಡಿಗೆ ದುಡ್ಡು ಹೋಗುವುದೂ ಅದರಿಂದಲೇ. ಸಾಲ ತೀರ್ಮಾನಿಸುವ ಯಂತ್ರಕ್ಕೆ ಕಾಣುವುದು ಮಗನ ರೀಚಾರ್ಜು, ಮಗನ ಖರ್ಚು. ದಿನವಿಡೀ ಬಿಸಿನೀರಲ್ಲಿ ಕೈ ಅದ್ದಿ ದುಡಿದ ಅಮ್ಮ ಲೆಕ್ಕದಲ್ಲೇ ಇಲ್ಲ. ಆ ನೀರಿಗೆ ಬೆರಳಿನ ಗೆರೆ ಸವೆದು, ಆಧಾರ್ ಮೇಲೆ ಹಣ ತೆಗೆಯುವ ಮಷಿನ್ನೂ ಕೆಲವರ ಹೆಬ್ಬೆಟ್ಟು ಒಪ್ಪಲ್ಲ, ಅದು ಬೇರೆ ಗೋಳು ಬಿಡಿ.

ನಮ್ಮ ಪಕ್ಕದ ಮನೆಯ ಅಕ್ಕ ಒಂದು ಆ್ಯಪ್‌ನಲ್ಲಿ ಸಾಲ ಕೇಳಿದರು. ಅರ್ಹರಲ್ಲ ಅಂತ ಇಂಗ್ಲಿಷ್‌ನಲ್ಲಿ ಒಂದು ಸಾಲು ಬಂತು, ಅಷ್ಟೇ. ಯಾಕೆ ಅಂತ ಯಾರನ್ನು ಕೇಳುವುದು? ಸ್ತ್ರೀಶಕ್ತಿ ಸಂಘದಲ್ಲಿ ಅವರು ಒಂದು ಕಂತೂ ತಪ್ಪಿಸಿದವರಲ್ಲ. ಆ ಸಂಘದ ಪುಸ್ತಕಕ್ಕಿಂತ ಮಗನ ರೀಚಾರ್ಜು ದೊಡ್ಡ ಸಾಕ್ಷಿನಾ?

ಸಾಲದ ಆ್ಯಪ್‌ಗಳು ಜನರ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಕಿರುಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರವೂ 2025ರಲ್ಲಿ ಸುಗ್ರೀವಾಜ್ಞೆ ತಂತು. ಅವೆಲ್ಲ ಸಾಲ ಸಿಕ್ಕವರ ರಕ್ಷಣೆಗೆ. ಸಾಲ ಸಿಗದೆ ಕೈಸಾಲದ ಬಡ್ಡಿಗೆ ಬೀಳುವವರನ್ನೂ ಸ್ವಲ್ಪ ನೋಡಿ. ಯಂತ್ರ ಸಾಲ ಕೊಡಲ್ಲ ಅಂದರೆ ಕಾರಣವನ್ನು ಕನ್ನಡದಲ್ಲಿ ಹೇಳಲಿ. ಅದನ್ನು ಪ್ರಶ್ನಿಸಲು ಊರಿನ ಹತ್ತಿರವೇ ಒಬ್ಬ ಮನುಷ್ಯ ಇರಲಿ, ಸುಮ್ನೆ ಒಂದು ಇಮೇಲ್ ವಿಳಾಸ ಕೊಟ್ಟರೆ ಆಗಲ್ಲ. ಮತ್ತೆ, ಹೆಂಗಸರು ಒಪ್ಪಿದರೆ ಸಂಘದ ಕಂತಿನ ಲೆಕ್ಕವನ್ನೂ ಸೇರಿಸಿಕೊಳ್ಳಲಿ. ಜಿಲ್ಲೆಯ ಬ್ಯಾಂಕ್ ಅಧಿಕಾರಿಗಳ ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರಬೇಕು.

– ಒಬ್ಬ ಓದುಗ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ