ಇನ್ನೊಂದು ಬರುತ್ತಾ?

ಕಳೆದ ವಾರ, ಫ್ಲೋರಿಡಾದ ಟ್ಯಾಂಪಾದಲ್ಲಿರುವ ನಮ್ಮ ಕನ್ನಡ ಸಂಘದ ಖಜಾಂಚಿಗಳು ಫೋನ್ ಮಾಡಿದರು. ರಾಜ್ಯೋತ್ಸವದ ಹಾಲ್‌ಗೆ ಬಾಕಿ ಹಣ ಕಟ್ಟಬೇಕು. ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ. "ನೀವು ದಿನಾ ಆ ಹರಿಕೇನ್ ನಕ್ಷೆ ನೋಡ್ತಿರ್ತೀರಲ್ಲ ಸಾರ್, ಒಂದೇ ಮಾತಲ್ಲಿ ಹೇಳಿಬಿಡಿ. ನವೆಂಬರ್ 15ರೊಳಗೆ ಇನ್ನೊಂದು ಬರುತ್ತಾ, ಇಲ್ವಾ?"

ಒಂದೇ ಮಾತಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಮೂರು ನಿಮಿಷ ಕೇಳಿಸಿಕೊಂಡು, "ಆಯ್ತು ಬಿಡಿ ಸಾರ್, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂದು ಫೋನ್ ಇಟ್ಟರು. ಅವರು ಕೇಳಿಸಿಕೊಳ್ಳದೆ ಬಿಟ್ಟ ಭಾಗವನ್ನು ಈಗ ನೀವೆಲ್ಲ ಓದಬೇಕಾಗಿದೆ, ಕ್ಷಮೆ ಇರಲಿ.

ಟ್ಯಾಂಪಾದಲ್ಲಿ ಇರುವವರಿಗೆ ಹರಿಕೇನ್‌ನ, ಅಂದರೆ ಇಲ್ಲಿನ ಚಂಡಮಾರುತದ, ಈ ಭಯ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಹರಿಕೇನ್ ನಮ್ಮಿಂದ ನೂರು ಮೈಲಿಗೂ ಆಚೆ, ಸಮುದ್ರದಲ್ಲೇ ಹಾದು ಹೋಯಿತು. ಆದರೂ ಕೊಲ್ಲಿಯ ನೀರು ಎಷ್ಟೋ ಮನೆಗಳಿಗೆ ನುಗ್ಗಿತು. ನೆನೆದ ಸೋಫಾ, ಹಾಸಿಗೆಗಳು ರಸ್ತೆ ಬದಿಯಲ್ಲಿ ಇನ್ನೂ ರಾಶಿ ಬಿದ್ದಿದ್ದವು. ಅಷ್ಟರಲ್ಲಿ, ಹದಿಮೂರನೇ ದಿನಕ್ಕೆ, ಮಿಲ್ಟನ್ ಎಂಬ ಇನ್ನೊಂದು ಹರಿಕೇನ್ ಬಂತು. ಅಕ್ಟೋಬರ್ 9ರ ರಾತ್ರಿ ಸಿಯೆಸ್ಟಾ ಕೀ ಬಳಿ ದಡ ಮುಟ್ಟಿತು. ಅದರ ಕಣ್ಣು (ನಡುಭಾಗ) ನಮ್ಮ ದಕ್ಷಿಣಕ್ಕೆ ಹೋದದ್ದರಿಂದ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿತು. ಸ್ವಲ್ಪ ಉತ್ತರಕ್ಕೆ ಬಂದಿದ್ದರೆ ಅದೇ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತಿತ್ತು. ನಮ್ಮ ಮನೆಯಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಅವಲಕ್ಕಿ, ಚಟ್ನಿಪುಡಿ, ಸ್ನಾನದ ತೊಟ್ಟಿಯಲ್ಲಿ ತುಂಬಿಸಿಟ್ಟ ನೀರು, ಅಷ್ಟರಲ್ಲೇ ಕಳೆದೆವು. "ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ" ಎಂಬ ಗಾದೆ ಕಟ್ಟಿದವರು ಫ್ಲೋರಿಡಾ ನೋಡಿರಲಿಲ್ಲ.

ಈ ವರ್ಷ (2025) ಇಲ್ಲಿಯವರೆಗೆ ಅಮೆರಿಕದ ನೆಲಕ್ಕೆ ಒಂದೇ ಒಂದು ಹರಿಕೇನ್ ಬಡಿದಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 17ರವರೆಗೆ, ಅಂದರೆ ಪ್ರತಿ ವರ್ಷ ಹರಿಕೇನ್ ಋತು ಕಾವೇರುವ ಹೊತ್ತಿನಲ್ಲೇ, ಅಟ್ಲಾಂಟಿಕ್‌ನಲ್ಲಿ ಹೆಸರಿಡುವಷ್ಟು ಬಲದ ಹೊಸ ಬಿರುಗಾಳಿ ಹುಟ್ಟಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ "ಈ ಸಲ ಬಚಾವ್" ಅಂತ ಕೈಮುಗಿದ ಚಿತ್ರಗಳು ಓಡಾಡಿದವು. ಆಮೇಲೆ ಮೆಲಿಸ್ಸಾ ಬಂತು. ಋತುವಿನ ಹದಿಮೂರನೇ ಹೆಸರು. ಅಕ್ಟೋಬರ್ 28ರಂದು ಗಂಟೆಗೆ 185 ಮೈಲಿ ವೇಗದ ಗಾಳಿಯೊಂದಿಗೆ ಜಮೈಕಾಕ್ಕೆ ಅಪ್ಪಳಿಸಿತು. ಅಟ್ಲಾಂಟಿಕ್‌ನಲ್ಲಿ ದಡ ಮುಟ್ಟಿದ ಯಾವ ಹರಿಕೇನ್‌ನ ಗಾಳಿಯೂ ಅದಕ್ಕಿಂತ ಜೋರಾಗಿದ್ದ ದಾಖಲೆ ಇಲ್ಲ. 1935ರ ಲೇಬರ್ ಡೇ ಹರಿಕೇನ್ ಮತ್ತು 2019ರ ಡೋರಿಯನ್ ಅದಕ್ಕೆ ಸಮ, ಅಷ್ಟೆ. ಬಚಾವ್ ಆದದ್ದು ನಾವು. ಜಮೈಕಾದವರಲ್ಲ.

ಅದೇ 28ನೇ ತಾರೀಖು ಬಂಗಾಳ ಕೊಲ್ಲಿಯ ಮೊಂಥಾ ಚಂಡಮಾರುತ ಆಂಧ್ರದ ಕರಾವಳಿಗೆ ಬಡಿಯಿತು. ತುಮಕೂರಿನಿಂದ ಅಮ್ಮ ಫೋನ್ ಮಾಡಿ, "ಅಲ್ಲೂ ಸೈಕ್ಲೋನಂತೆ, ಇಲ್ಲೂ ಸೈಕ್ಲೋನಂತೆ" ಅಂದರು. ಇಲ್ಲಿ ಹರಿಕೇನ್ ಸೀಸನ್ ಮುಗಿಯುತ್ತಾ ಬಂತು ಅಂದೆ. "ಈಗ ಸ್ವಾತಿ ಮಳೆ ನಡೀತಿದೆ, ಇನ್ನೂ ವಿಶಾಖ ಇದೆ. ಮುಗೀತು ಅಂತ ಯಾರು ಹೇಳಿದ್ದು?" ಅಂದರು. ಅವರು ಹೇಳಿದ್ದು ಹಿಂಗಾರಿನ ಮಾತು. ಆದರೆ ನವೆಂಬರ್ 30ಕ್ಕೆ ಸೀಸನ್ ಮುಗಿಯುತ್ತೆ ಅನ್ನುವುದು ಬರೀ ಕ್ಯಾಲೆಂಡರಿನ ಮಾತು ಎಂಬುದು ಅವರಿಗೆ ಗೊತ್ತು. ಸಮುದ್ರಕ್ಕೂ ಗೊತ್ತು. 2005ರ ಜೀಟಾ ಬಿರುಗಾಳಿ ಹುಟ್ಟಿದ್ದೇ ಡಿಸೆಂಬರ್ 30ಕ್ಕೆ!

ಈಗ ಖಜಾಂಚಿಗಳ ಪ್ರಶ್ನೆಗೆ ಬರುತ್ತೇನೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುವ ದೊಡ್ಡ ಹರಿಕೇನ್‌ಗಳ ಬೇರು ಹೆಚ್ಚಾಗಿ ಆಫ್ರಿಕಾದ ಕಡೆ ಇರುತ್ತದೆ. ಇಡೀ ಅಟ್ಲಾಂಟಿಕ್ ದಾಟಿ ಬರಬೇಕು. ಒಂದು ವಾರ, ಹತ್ತು ದಿನ ಕಣ್ಣಿಟ್ಟು ನೋಡಬಹುದು. ಕೊನೆಗಾಲದವು ಹಾಗಲ್ಲ. ಪಶ್ಚಿಮ ಕೆರಿಬಿಯನ್‌ನಲ್ಲಿ, ಗಲ್ಫ್‌ನಲ್ಲಿ (ಮೆಕ್ಸಿಕೋ ಕೊಲ್ಲಿಯಲ್ಲಿ), ನಮ್ಮ ಹಿತ್ತಲಿನಲ್ಲೇ ಏಳುತ್ತವೆ. ಮಧ್ಯ ಅಮೆರಿಕದ ಸುತ್ತ ನೂರಾರು ಮೈಲಿ ಅಗಲದ ಸೋಮಾರಿ ಸುಳಿಯೊಂದು ವಾರಗಟ್ಟಲೆ ತಿರುಗುತ್ತಾ ಕೂರುತ್ತದೆ. ಅದರ ಯಾವುದೋ ಅಂಚಿನಲ್ಲಿ ಒಂದು ಗಂಟು ಬಿಗಿಯಾಗುತ್ತದೆ. ಯಾವ ಅಂಚು, ಯಾವ ದಿನ ಅಂತ ಮುಂಚೆ ಹೇಳುವುದು ಬಲು ಕಷ್ಟ. ಮಿಲ್ಟನ್‌ಗೆ ಹೆಸರಿಟ್ಟದ್ದು ಶನಿವಾರ. ಸೋಮವಾರ ಅದು ಐದನೇ ದರ್ಜೆ, ಅಂದರೆ ಎಲ್ಲಕ್ಕಿಂತ ಜೋರಿನ ದರ್ಜೆ. ಬುಧವಾರ ರಾತ್ರಿ ದಡದಲ್ಲಿ. ಇನ್ನೊಂದು ವಿಷಯ: ಅಕ್ಟೋಬರ್ ಹೊತ್ತಿಗೆ ಉತ್ತರದ ತಂಪು ಗಾಳಿ ಕೆಳಗಿಳಿದು, ಗಲ್ಫ್‌ಗೆ ಬಂದ ಬಿರುಗಾಳಿಯನ್ನು ಕೊಕ್ಕೆ ಹಾಕಿ ಈಶಾನ್ಯಕ್ಕೆ ಎಳೆಯುತ್ತದೆ. ಈಶಾನ್ಯದಲ್ಲಿ ಇರುವುದು ನಾವು. ವಿಲ್ಮಾ, ಮೈಕಲ್, ಮಿಲ್ಟನ್, ಮೂರೂ ಅಕ್ಟೋಬರ್‌ನವೇ.

ನವೆಂಬರ್‌ಗೆ ಬಂದರೆ ಆ ತಂಪು ಗಾಳಿಯೇ ನಮ್ಮನ್ನು ಕಾಯಲು ಶುರುಮಾಡುತ್ತದೆ. ನೀರು ತಣಿಯುತ್ತದೆ. ಹರಿಕೇನ್‌ಗೆ ಬೇಕಾಗುವುದು ಸುಮಾರು 80 ಡಿಗ್ರಿ ಫ್ಯಾರನ್‌ಹೀಟ್. ಮೇಲಿನ ಗಾಳಿಯೂ ಜೋರಾಗಿ ಬೀಸಿ ಮೋಡದ ತಲೆಯನ್ನು ಒಂದು ಕಡೆಗೆ ತಳ್ಳುತ್ತದೆ. ಹಾಗಾಗಿ ಈ ತಿಂಗಳಲ್ಲಿ ಫ್ಲೋರಿಡಾಕ್ಕೆ ಬಂದ ಹರಿಕೇನ್‌ಗಳು ಬೆರಳೆಣಿಕೆಯಷ್ಟು. 1985ರಲ್ಲಿ ಕೇಟ್, ಥ್ಯಾಂಕ್ಸ್‌ಗಿವಿಂಗ್‌ಗೆ ಸರಿಯಾಗಿ ಒಂದು ವಾರ ಮುಂಚೆ. 2022ರ ನವೆಂಬರ್ 10ಕ್ಕೆ ನಿಕೋಲ್. ಆದರೆ ಕೆರಿಬಿಯನ್ ನೀರು ಬಿಸಿಯಾಗಿಯೇ ಇರುತ್ತದೆ. 2020ರಲ್ಲಿ ಏಟಾ, ಅಯೋಟಾ ಎರಡೂ ನಿಕರಾಗುವಾಕ್ಕೆ ಬಡಿದದ್ದು ನವೆಂಬರ್‌ನಲ್ಲೇ, ಎರಡೇ ವಾರದ ಅಂತರದಲ್ಲಿ.

ಬಿಸಿನೀರು ಇದ್ದರೂ ಒಮ್ಮೆ ಏಳುತ್ತವೆ, ಒಮ್ಮೆ ಏಳುವುದಿಲ್ಲ. ಯಾಕೆ? ನನಗೆ ಈ ವಿದ್ಯೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ. ಸಮಭಾಜಕದ ಗುಂಟ ಮೋಡ, ಮಳೆಯ ಒಂದು ದೊಡ್ಡ ಅಲೆ ಪೂರ್ವಕ್ಕೆ ಸಾಗುತ್ತಾ, 30ರಿಂದ 60 ದಿನಕ್ಕೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. 1971ರಲ್ಲಿ ಅದನ್ನು ಮೊದಲು ಗುರುತಿಸಿದ ಮ್ಯಾಡನ್, ಜೂಲಿಯನ್ ಅವರ ಹೆಸರೇ ಅದಕ್ಕಿದೆ. ಊರಲ್ಲಿ ಮುಂಗಾರು ಹದಿನೈದು ದಿನ ಕೈಕೊಟ್ಟು ಮತ್ತೆ ಹಿಡಿದುಕೊಳ್ಳುತ್ತಲ್ಲ, ಅದರಲ್ಲೂ ಈ ಅಲೆಯ ಕೈವಾಡವಿದೆ. ಅದು ಪೆಸಿಫಿಕ್ ಮೇಲಿದ್ದಾಗ ನಮ್ಮ ಕಡೆ ಗಾಳಿ ಕೆಳಕ್ಕೆ ಕುಸಿಯುತ್ತದೆ, ಮೋಡ ಏಳುವುದಿಲ್ಲ. ಅಲ್ಲಿಂದ ಮುಂದೆ ಸರಿದರೆ ಕೆರಿಬಿಯನ್ ಬಾಗಿಲು ತೆರೆಯುತ್ತದೆ. ಅಲೆ ನಿಧಾನವಾದ್ದರಿಂದ ಎರಡು ಮೂರು ವಾರ ಮುಂಚೆಯೇ ಒಂದು ಅಂದಾಜು ಸಿಗುತ್ತದೆ. ಪ್ರತಿ ಮಂಗಳವಾರ ಅಮೆರಿಕ ಸರ್ಕಾರದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಹೊರತರುವ ನಕ್ಷೆಯಲ್ಲಿ ಇರುವುದು ಈ ಅಂದಾಜೇ. ಅದು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಹೇಳುತ್ತದೆ. ಒಳಗೆ ಯಾರು ಬರುತ್ತಾರೆ, ಯಾರ ಮನೆಗೆ ಹೋಗುತ್ತಾರೆ ಅಂತ ಹೇಳುವುದಿಲ್ಲ.

ಅದನ್ನು ಹೇಳುವವರು ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು. ಅವರ ನೋಟ ಏಳು ದಿನ ಮಾತ್ರ. 2023ರವರೆಗೆ ಐದೇ ದಿನ ಇತ್ತು. ಆ ನಕ್ಷೆಯ ಹಳದಿ, ಕಿತ್ತಳೆ, ಕೆಂಪು ನೋಡಿ ಗಾಬರಿಯಾಗುವವರಿಗೆ ಒಂದು ಮಾತು. ಹಳದಿಯಲ್ಲಿ ಶೇಕಡಾ 30 ಅಂತ ಬರೆದಿದ್ದರೆ, ಅಂಥ ಹತ್ತು ಮೋಡಗಳಲ್ಲಿ ಮೂರು ಬಿರುಗಾಳಿಯಾಗುತ್ತವೆ ಅಂತ ಅರ್ಥ. ಟ್ಯಾಂಪಾಕ್ಕೆ ಬರುವ ಸಾಧ್ಯತೆ ಶೇಕಡಾ 30 ಅಂತಲ್ಲ. ಇನ್ನು, ಬಣ್ಣ ತುಂಬಿದ ಆ ದೊಡ್ಡ ಪಟ್ಟೆ ಬಿರುಗಾಳಿಯ ಗಾತ್ರವೂ ಅಲ್ಲ. ಆ ಪಟ್ಟೆಯೊಳಗೆ ಎಲ್ಲಾದರೂ ಅದು ಹುಟ್ಟಬಹುದು ಅಂತ ಅಷ್ಟೆ. ಇದನ್ನು ವಾಟ್ಸಾಪ್‌ನಲ್ಲಿ ಹತ್ತು ಸಲ ಬರೆದಿದ್ದೇನೆ. ಹನ್ನೊಂದನೇ ಸಲಕ್ಕೆ ಇಲ್ಲಿ. (ಇಲ್ಲಿ ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಬೆಳಗ್ಗೆ 8ರ ವರದಿ ಈಗ 7ಕ್ಕೇ ಬರುತ್ತದೆ. ಕಾಫಿ ಜೊತೆ ನೋಡಬಹುದು.) ಹದಿನೈದು ದಿನ ಆಚೆಯ ಒಂದೇ ಒಂದು ಕಂಪ್ಯೂಟರ್ ಮಾದರಿಯ ಕೆಂಪು ಚಕ್ರವನ್ನು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ. ಯುರೋಪಿನ ಹವಾಮಾನ ಮುನ್ಸೂಚನೆ ಕೇಂದ್ರದವರು ಒಂದೇ ಲೆಕ್ಕವನ್ನು ಚೂರುಪಾರು ಬದಲಿಸಿ 51 ಸಲ ಓಡಿಸುವುದು, ಒಂದು ಸಲದ ಉತ್ತರವನ್ನು ತಾವೇ ನಂಬದೆ ಇರುವುದರಿಂದ.

ಹಾಲ್‌ನ ಹಣ ಕಟ್ಟಬೇಕಾದ ದಿನಕ್ಕೂ ಕಾರ್ಯಕ್ರಮಕ್ಕೂ ಹತ್ತು ದಿನದ ಅಂತರ ಇತ್ತು. ಬಾಗಿಲಿನ ಸುದ್ದಿ ಹೇಳುವ ನಕ್ಷೆಗೆ ಅದು ಹತ್ತಿರ, ದಾರಿ ಹೇಳುವ ನಕ್ಷೆಗೆ ದೂರ. ಹೀಗಾಗಿ ನನ್ನ ಉತ್ತರ ಹೀಗಿತ್ತು: ಬರುವ ಸಾಧ್ಯತೆ ತೀರಾ ಕಡಿಮೆ, ಕಟ್ಟಿಬಿಡಿ. ಆದರೆ ಗ್ಯಾರೇಜಿನಲ್ಲಿರುವ ನೀರಿನ ಡಬ್ಬ, ಬ್ಯಾಟರಿ, ಅವಲಕ್ಕಿ ಪೊಟ್ಟಣವನ್ನು ತಿಂಗಳ ಕೊನೆಯವರೆಗೆ ಮುಟ್ಟಬೇಡಿ. ಎರಡೂ ಮಾತು ಒಟ್ಟಿಗೆ ನಿಜ. ಖಜಾಂಚಿಗಳಿಗೆ ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತು. ಆದರೂ ಹಣ ಕಟ್ಟಿದ್ದಾರೆ.

ಹಾಗಾಗಿ ನವೆಂಬರ್ 15, ಶನಿವಾರ, ಸಂಜೆ 4ಕ್ಕೆ ಎಲ್ಲರೂ ಬನ್ನಿ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ಹೋಳಿಗೆ. ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ ಸೋಮವಾರದೊಳಗೆ ತಿಳಿಸಿ. ಹೋದ ಸಲ ಒಬ್ಬರು "ಬರೋ ಚಾನ್ಸ್ ಫಿಫ್ಟಿ ಫಿಫ್ಟಿ" ಅಂತ ಬರೆದಿದ್ದರು, ಬಂದದ್ದು ಆರು ಜನ. ಅಡುಗೆಯವರಿಗೆ ಶೇಕಡಾ ಲೆಕ್ಕ ಬೇಡ, ತಲೆ ಲೆಕ್ಕ ಕೊಡಿ.